ಚಂದಮ್ಮನ ಹಿಮ್ಮಡಿ, ಹಿರಿಯರ ಕಟ್ಟೆ

ನಮ್ಮತ್ತೆ ಚಂದಮ್ಮ ಕಮಲಾಪುರದ ಸೂಲಗಿತ್ತಿ. ಊರಿನ ಅರ್ಧ ಮಂದಿ ಅವಳ ಕೈಯಲ್ಲೇ ಹುಟ್ಟಿದವರು. ಮೀಸೆ ತಿರುವುವ ಗಂಡಸು ಎದುರಾದರೂ, "ನೀ ಕಾಲು ಮುಂದ ಮಾಡಿ ಬಂದಾಂವ, ನಿಮ್ಮವ್ವನ ಜೀವ ತಿಂದಿ" ಎಂದು ನಾಲ್ಕು ಜನರ ಮುಂದೆ ಹೇಳಿ ಅವನ ಮಾನ ತೆಗೆಯುತ್ತಿದ್ದಳು. ಅದು ನಿಜಾಮರ ಕಾಲ. ಕಲಬುರಗಿಯ ದವಾಖಾನೆಗೆ ಹೋಗಿ ಹೆರುವುದೆಂದರೆ ನಮ್ಮ ಹೆಂಗಸರು ಬಾಯಿಗೆ ಸೆರಗು ಹಿಡಿಯುತ್ತಿದ್ದರು. ಹಾಗಾಗಿ ಇಡೀ ಊರು ನಂಬಿದ್ದು ನಮ್ಮತ್ತೆಯ ಎರಡು ಕಾಲುಗಳನ್ನು.

ಆ ಕಾಲುಗಳನ್ನು ನೋಡಿಕೊಳ್ಳುವ ಭಾಗ್ಯ ಮಾತ್ರ ಸೊಸೆಯಾದ ನನ್ನದು. ಸಂಜೆಯಾದರೆ ಬಿಸಿನೀರಿಗೆ ಉಪ್ಪು ಹಾಕಿ ಕಾಲು ನೆನೆಸಬೇಕು, ಇಟ್ಟಿಗೆ ಚೂರಿನಿಂದ ಹಿಮ್ಮಡಿ ತಿಕ್ಕಬೇಕು, ಬೆರಳ ಸಂದಿಯಲ್ಲಿ ಹಸಿ ಉಳಿಯದಂತೆ ಒರೆಸಬೇಕು, ಹರಳೆಣ್ಣೆಯಲ್ಲಿ ಕರಗಿಸಿದ ಜೇನುಮೇಣ ಸವರಬೇಕು. ಅಯ್ಯಯ್ಯೋ, ಆ ಬಿರುಕುಗಳಲ್ಲಿ ಜೋಳದ ಕಾಳು ಸಿಕ್ಕಿಕೊಳ್ಳುತ್ತಿತ್ತು, ಸುಳ್ಳಲ್ಲ! ನಾನು ಮೂಗು ಮುರಿದರೆ, "ನಿನ್ನ ಗಂಡನ್ನ ಇದೇ ಕಾಲಿಲೆ ತಿರುಗಿ ಸಾಕೀನಿ. ಸುಮ್ನ ತಿಕ್ಕ" ಎನ್ನುವಳು.

ಇಷ್ಟು ಮಾಡಿದರೂ ಬರಿಗಾಲಲ್ಲಿ ತಿರುಗುವವಳಿಗೆ ಎಲ್ಲಿ ನೆಟ್ಟಗಾಗಬೇಕು? ಒಂದು ಬೇಸಿಗೆಯಲ್ಲಿ ಬಲಗಾಲಿನ ಹಿಮ್ಮಡಿ ಒಡೆದು ಕೀವು ತುಂಬಿತು. ಊರ ವೈದ್ಯ ದತ್ತಪ್ಪ ಕೀವು ತೆಗೆದು, ಬಟ್ಟೆ ಕಟ್ಟಿ, "ಇನ್ನೊಮ್ಮೆ ಇದರಾಗ ಮಣ್ಣು ಹೊಕ್ಕರ ಈ ಕಾಲು ಊರಾಕ ಬರೂದಿಲ್ಲ ನೋಡವ್ವಾ. ಚಪ್ಲಿ ಹಾಕ್ಕೊ" ಎಂದ. ಯಾರಿಗೂ ಹೆದರದ ನಮ್ಮತ್ತೆಯ ಮುಖ ಅವತ್ತು ಸಣ್ಣದಾಯಿತು. ನನ್ನ ಚಿಂತೆಯೇ ಬೇರೆ. ಇವಳು ನಡೆಯುವುದು ನಿಂತರೆ ದಿನವಿಡೀ ಒಲೆಯ ಪಕ್ಕ ಕೂತು ನನ್ನ ರೊಟ್ಟಿಯಲ್ಲಿ ಕೊಂಕು ಹುಡುಕುತ್ತಾಳಲ್ಲ!

ಬಾಳೆಹಣ್ಣಿನ ಬಂಡಿ ಹತ್ತಿ ಇಬ್ಬರೂ ಕಲಬುರಗಿಗೆ ಹೋದೆವು. ಮುಂಜಾನೆಯೇ ಚಪ್ಪಲಿ ಕೊಂಡು ಮುಗಿಸೋಣವೆಂದರೆ ಕೇಳಲಿಲ್ಲ. "ಸಂಜಿಗೆ ಕಾಲು ಬಾತಿರ್ತಾವ. ಆಗ ಹಿಡಿಸಿದ್ದ ಖರೆ ಚಪ್ಲಿ" ಎಂದು ನನ್ನನ್ನು ಬಿಸಿಲಲ್ಲಿ ಬಜಾರೆಲ್ಲ ಸುತ್ತಿಸಿದಳು. ಸಂಜೆ ಫಕ್ರುದ್ದೀನ್ ಸಾಹೇಬರ ಅಂಗಡಿ ಹೊಕ್ಕೆವು. ನಾನು ಕೆಂಪು ಗೊಂಡೆಯ, ಚೂಪು ಮೂತಿಯ ಜೋಡು ಎತ್ತಿಕೊಟ್ಟೆ. "ಇದು ಬೆರಳು ಮುರಿಯಾಕ ಮಾಡ್ಯಾರ" ಎಂದು ಆಚೆ ಸರಿಸಿದಳು. ಒಂದೊಂದನ್ನೂ ಎತ್ತಿ ಬಗ್ಗಿಸಿದಳು, ಹಿಮ್ಮಡಿಯ ಜಾಗವನ್ನು ಹೆಬ್ಬೆರಳಿನಿಂದ ಒತ್ತಿದಳು, ಕೊನೆಗೆ ಹುಟ್ಟಿದ ಕೂಸನ್ನು ಹಿಡಿದಂತೆ ತಲೆಕೆಳಗೆ ಹಿಡಿದು ಪಟಪಟ ಬಡಿದಳು.

"ಅಮ್ಮಾ, ಅದು ಅಳೂದಿಲ್ರೀ! ಚಮಡಾ ಅದ!" ಎಂದರು ಫಕ್ರುದ್ದೀನ್ ಸಾಹೇಬರು.

ದಪ್ಪ ಅಟ್ಟೆ, ಬೆರಳು ಹರಡುವಷ್ಟು ಅಗಲದ ಮುಂಭಾಗ, ಹಿಂದೆ ಹಿಮ್ಮಡಿಯನ್ನು ಬಿಗಿಹಿಡಿಯುವ ಪಟ್ಟಿ, ಅಂಥದೊಂದು ಜೋಡು ಸಿಕ್ಕಿತು. ಅದನ್ನು ಮೆಟ್ಟಿ ಅಂಗಡಿಯ ಮುಂದೆ ಅವಳು ಹಿಂದೆ ಮುಂದೆ ನಡೆದದ್ದೇ ನಡೆದದ್ದು. "ಹೆಣ್ಣು ನೋಡಾಕ ಹೋದಾಗ ನಾನೂ ಇಷ್ಟು ನೋಡಿಲ್ಲಮ್ಮಾ" ಎಂದು ಸಾಹೇಬರು ಕೈ ಮುಗಿದರು. ನೋಡಲು ಎಮ್ಮೆಯ ಗೊರಸಿನಂತಿತ್ತು ಆ ಚಪ್ಪಲಿ. ಆದರೆ ನಮ್ಮತ್ತೆ ಕುಂಟದೆ ನಡೆದಳು. ಅದನ್ನು ಕಂಡು ನನಗೆ ಕಣ್ಣಲ್ಲಿ ನೀರು ಬಂತು.

ಊರಿಗೆ ಬಂದ ಮೇಲೆ ಬೇರೆ ಫಜೀತಿ. ಕಟ್ಟೆಯ ಮೇಲೆ ಹಿರಿಯರು ಕೂತಿದ್ದರೆ ಹೆಂಗಸರು ಚಪ್ಪಲಿ ಮೆಟ್ಟಿ ಮುಂದೆ ಹೋಗಬಾರದು, ಕೈಯಲ್ಲಿ ಹಿಡಿದು ದಾಟಬೇಕು, ಅದು ನಮ್ಮ ಕಡೆಯ ರಿವಾಜು. ನಮ್ಮ ಓಣಿಯಲ್ಲೋ ಮನೆಗೊಂದು ಕಟ್ಟೆ, ಕಟ್ಟೆಗೊಬ್ಬ ಹಿರಿಯ. ಮೊದಲ ದಿನವೇ ಜಗದೇವಪ್ಪ ಗೌಡರು ಕಣ್ಣು ಕೆಂಪಗೆ ಮಾಡಿದರು.

"ಏನವ್ವಾ ಚಂದಮ್ಮ, ನಾವೇನು ಸತ್ತೀವೇನು? ಕಟ್ಟಿ ಮುಂದ ಚಪ್ಲಿ ಮೆಟ್ಟಿ ಟಪಟಪ ಅಂತ ಹೊಂಟೀಯಲ್ಲ?"

"ಹಿಮ್ಮಡಿ ಒಡದದರೀ ಗೌಡ್ರ. ಮಣ್ಣು ತಾಗಬಾರದಂತ."

"ನಮ್ಮವ್ವನ ಹಿಮ್ಮಡೀನೂ ಒಡದಿತ್ತು. ರಿವಾಜು ಅಂದ್ರ ರಿವಾಜು."

ನಮ್ಮತ್ತೆ ಬಗ್ಗಿ ಚಪ್ಪಲಿ ಕಳಚಿದಳು. ಅಂದಿನಿಂದ ಆ ಚಪ್ಪಲಿಗಳು ಕಾಲಿಗಿಂತ ಹೆಚ್ಚು ಕಂಕುಳಲ್ಲೇ ಸವೆದವು. ಹುಣ್ಣು ಮತ್ತೆ ಕೆಂಪೇರಿತು. ನನಗೆ ಹೊಟ್ಟೆ ಉರಿದುಹೋಯಿತು. ಗೌಡರ ಹೆಸರು ಹಿಡಿದು ಪಾತ್ರೆಗಳನ್ನು ಕುಕ್ಕಿದೆ. ಒಡೆದದ್ದು ನಮ್ಮದೇ ಗಡಿಗೆ.

ಅದಾದ ಮುಂದಿನ ಅಮಾವಾಸ್ಯೆಯ ಸಂಜೆ ಗೌಡರು ತಾವೇ ಓಡಿಬಂದರು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಮಗಳು ನೀಲಗಂಗಮ್ಮನಿಗೆ ನೋವು ಶುರುವಾಗಿತ್ತು. ಗೌಡರ ತಲೆಯ ರುಮಾಲು ಒಂದು ಕಡೆ ಜೋತಿತ್ತು. "ಲಗೂನ ಬಾರವ್ವಾ!"

ನಮ್ಮತ್ತೆ ನೋವಿನ ಬಗ್ಗೆ ನಾಲ್ಕು ಮಾತು ಕೇಳಿ, "ಇನ್ನೂ ಹೊತ್ತದ, ಗಾಬರಿ ಬ್ಯಾಡ" ಎಂದು ನನ್ನ ಕಿವಿಯಲ್ಲಿ ಹೇಳಿದಳು. ಗೌಡರಿಗೆ ಹೇಳಲಿಲ್ಲ. ಚಪ್ಪಲಿಯ ಪಟ್ಟಿ ಬಿಗಿದು ಹೊರಟಳು. ನಾನೂ ಹಿಂದೆ ನಡೆದೆ.

ಮೊದಲ ಕಟ್ಟೆಯ ಮೇಲೆ ನಾಗಣ್ಣ ತಂಬಾಕು ತಿಕ್ಕುತ್ತ ಕೂತಿದ್ದ. ನಮ್ಮತ್ತೆ ನಿಂತಳು. ಗೋಡೆ ಹಿಡಿದು ಬಗ್ಗಿ ಪಟ್ಟಿ ಬಿಚ್ಚತೊಡಗಿದಳು. ಗಾಯದ ಬಟ್ಟೆ ಅದಕ್ಕೆ ಸಿಕ್ಕಿಕೊಂಡಿತ್ತು.

"ಏನು ಮಾಡಾಕತ್ತೀಯವ್ವಾ?" ಗೌಡರು ಕುಣಿದಾಡಿದರು.

"ಚಪ್ಲಿ ಕಳಿಬೇಕಲ್ರೀ. ಹಿರ್‍ಯಾರು ಕುಂತಾರ."

ಗೌಡರು ಮುಂದಿನ ಓಣಿಯತ್ತ ನೋಡಿದರು. ಉದ್ದಕ್ಕೂ ಕಟ್ಟೆ, ಕಟ್ಟೆ ತುಂಬ ರುಮಾಲು. ಅವರಿಗೆ ಬೆವರು ಕಿತ್ತುಕೊಂಡಿತು. "ಏ ನಾಗಣ್ಣ, ಏಳೋ! ಒಳಗ ನಡಿ!"

"ಯಾಕ್ರೀ ಗೌಡ್ರ, ನನ್ನ ಕಟ್ಟಿ..."

"ಏಳಂದ್ರ ಏಳೋ!"

ಆಮೇಲೆ ನಡೆದದ್ದನ್ನು ನಮ್ಮೂರು ಎಂದೂ ಕಂಡಿರಲಿಲ್ಲ. ಮುಂದೆ ಗೌಡರು ಕೋಲು ಬೀಸುತ್ತ ಕಟ್ಟೆ ಖಾಲಿ ಮಾಡಿಸುತ್ತ ಓಡುತ್ತಿದ್ದಾರೆ, ಹಿಂದೆ ನಮ್ಮತ್ತೆ ಟಪಟಪ ಎಂದು ನಡೆಯುತ್ತಿದ್ದಾಳೆ. ಕಿವಿ ಕೇಳದ ಪೀರಪ್ಪಜ್ಜನಿಗೆ ಏನೂ ತಿಳಿಯಲಿಲ್ಲ. ಗೌಡರು ಅವನನ್ನು ಕಂಬಳಿಸಮೇತ ಎತ್ತಿ ಒಳಗೆ ಕೂರಿಸಿ ಬಂದರು. ನಾನು ನಗು ತಡೆಯಲಾರದೆ ಸೆರಗು ಕಚ್ಚಿಕೊಂಡೆ.

ಗೌಡರ ಮನೆ ಬಂತು. ಅಂಗಳದಲ್ಲಿ ನಮ್ಮತ್ತೆ ಮತ್ತೆ ನಿಂತಳು. ಒಳಗಿನಿಂದ ನರಳುವ ದನಿ ಕೇಳುತ್ತಿತ್ತು.

"ಮತ್ತೇನವ್ವಾ? ಎಲ್ಲಾರ್‍ನೂ ಎಬ್ಬಿಸೀನಲ್ಲ!"

"ಇನ್ನೊಬ್ಬ ಹಿರ್‍ಯಾರು ಉಳದಾರ್‍ರೀ."

ಗೌಡರು ಸುತ್ತ ನೋಡಿದರು. ಯಾರೂ ಇರಲಿಲ್ಲ. ಆಮೇಲೆ ತಿಳಿಯಿತು. ಮುಖ ಕೆಂಪಾಯಿತು. ಹೋಗಿ ಕೊಟ್ಟಿಗೆ ಹೊಕ್ಕು ಬಾಗಿಲು ಎಳೆದುಕೊಂಡರು.

ನಮ್ಮತ್ತೆ ಪಡಸಾಲೆಯ ಮೆಟ್ಟಿಲವರೆಗೆ ಚಪ್ಪಲಿಯಲ್ಲೇ ನಡೆದು, ಅಲ್ಲಿ ಕಳಚಿ, ಕಾಲು ತೊಳೆದು ಒಳಗೆ ಹೋದಳು. ನಡುರಾತ್ರಿಯ ಹೊತ್ತಿಗೆ ಗಂಡು ಕೂಸು ಅತ್ತಿತು. ತಾಯಿ, ಮಗು ಇಬ್ಬರೂ ಕ್ಷೇಮ. ಅವಳು ಕೈ ತೊಳೆದುಕೊಂಡು, ಚಪ್ಪಲಿ ಮೆಟ್ಟಿ ಅಂಗಳಕ್ಕೆ ಇಳಿದಳು.

ಕೊಟ್ಟಿಗೆಯ ಬಾಗಿಲ ಸಂದಿಯಿಂದ ಗೌಡರ ದನಿ ಬಂತು. "ಚಂದಮ್ಮ... ಕೂಸು ನೋಡಬೇಕಾಗೇದ. ನಾ ಹೊರಗ ಬರಲೇನವ್ವಾ?"

"ಬರ್‍ರೀ ಗೌಡ್ರ" ಎಂದಳು ನಮ್ಮತ್ತೆ. "ನಾ ಚಪ್ಲಿ ಮೆಟ್ಟೇ ನಿಂತೀನಿ."