ಕೊಚ್ಚಿಯಲ್ಲಿ ಊಟಕ್ಕೆ ಹೋಟೆಲು ಹುಡುಕಿದ್ದು

ನಮ್ಮ ಹುಣಸೂರಿನಲ್ಲಿ ಹೊರಗೆ ಉಣ್ಣುವುದು ಆಯ್ಕೆಯ ವಿಷಯವೇ ಅಲ್ಲ. ಹಸಿದಾಗ ಕಾಲು ಎಲ್ಲಿಗೆ ಒಯ್ಯುತ್ತದೋ ಅಲ್ಲೇ ಮುದ್ದೆ ಸಿಗುತ್ತದೆ. ಕೊಚ್ಚಿಯಂಥ ಕಡಲತಡಿಯ ಮಹಾನಗರಿಯಲ್ಲಿ ಹಾಗಲ್ಲ. ಅರಬರ ಸುಟ್ಟ ಮಾಂಸ, ಚೀನೀಯರ ನೂಡಲ್ಸು, ಗುಜರಾತಿಗಳ ಥಾಲಿ, ಮಲಬಾರಿನ ಬಿರಿಯಾನಿ ಎಲ್ಲವೂ ಒಂದೇ ಬೀದಿಯಲ್ಲಿ ನಿಂತು ಕೈಬೀಸಿ ಕರೆಯುತ್ತವೆ. ಎಲ್ಲರ ಬಾಯಲ್ಲೂ ನೀರೂರಿಸುವ ಈ ವೈಭವದ ನಡುವೆ ನನ್ನ ಬಾಯಿ ಒಣಗಿಹೋಗಿತ್ತು ಎಂದರೆ, ಸಹೃದಯರೇ, ನೀವು ನಗಬಾರದು.

ಕಾರಣ ನನ್ನ ಹೆಂಡತಿ ಗೌರಿ. ಸರಿಯಾಗಿ ಹೇಳಬೇಕೆಂದರೆ, ಗೌರಿಯ ಮೈಗೆ ಒಗ್ಗದ ಸೀಗಡಿ. ಕೆಲವು ವರ್ಷಗಳ ಹಿಂದೆ, ಕೇರಳದ ಗಡಿಯಂಚಿನ ಎನ್. ಬೇಗೂರಿನ ತನ್ನ ಅಕ್ಕನ ಮನೆಯಲ್ಲಿ ಒಣಸೀಗಡಿಯ ಗೊಜ್ಜು ಉಂಡವಳ ತುಟಿ ಊದಿತು, ಉಸಿರು ಸಿಳ್ಳೆ ಹಾಕತೊಡಗಿತು. ಜೀಪಿನಲ್ಲಿ ಕೂರಿಸಿಕೊಂಡು ಎಚ್.ಡಿ. ಕೋಟೆಯ ಆಸ್ಪತ್ರೆಗೆ ಹೊರಟರೆ ಕಾಡಿನ ದಾರಿಗೆ ಆನೆಗಳು ಅಡ್ಡ ನಿಂತಿದ್ದವು. ಅವು ಸೊಪ್ಪು ಮುರಿಯುತ್ತ ಸಾವಕಾಶವಾಗಿ ಸರಿಯುವವರೆಗೆ ನನ್ನ ತೋಳಿನಲ್ಲಿ ಅವಳ ಉಸಿರು ಸಣ್ಣಗಾಗುತ್ತಲೇ ಹೋಯಿತು. ಕೊನೆಗೆ ಒಂದು ಚುಚ್ಚುಮದ್ದು ಅವಳನ್ನು ಉಳಿಸಿತು. ಸೀಗಡಿ, ಏಡಿ ಮುಟ್ಟಬೇಡಿ, ಮೀನು ತಿನ್ನಬಹುದು ಎಂದರು ಡಾಕ್ಟರು. ನಾನು ಮಾತ್ರ ಅಂದಿನಿಂದ ಕೆರೆಯ ಮೀನನ್ನೂ ಮನೆಗೆ ತರಲಿಲ್ಲ.

ಇಂಥ ನಾನು ಅವಳಿಗೆ ಕಡಲು ತೋರಿಸಲು ಹೊರಟದ್ದೇ ಸಾಹಸ. ತುರ್ತಿನ ಚುಚ್ಚುಮದ್ದನ್ನು ಜೇಬಿನಲ್ಲಿಟ್ಟುಕೊಂಡು ಹೋಟೆಲು ಹೋಟೆಲು ಅಲೆದೆ. ಒಂದರಲ್ಲಿ ಎಲ್ಲವನ್ನೂ ಒಂದೇ ಎಣ್ಣೆಯಲ್ಲಿ ಕರಿಯುತ್ತಿದ್ದರು. ಇನ್ನೊಂದರ ಚಟ್ನಿಪುಡಿಯಲ್ಲೇ ಸೀಗಡಿ ಇತ್ತು. ಕಡೆಗೆ ಸಸ್ಯಾಹಾರಿ ಹೋಟೆಲೊಂದರ ಮುಂದೆ ನಿಂತಾಗ ಗೌರಿ ಸಿಡಿದಳು:

“ಸಮುದ್ರದಗಂಟ ಬಂದು ಮೊಸ್ರನ್ನ ತಿನ್ನಕಾ? ಬುಡಿ, ನಂಗೆ ಮೀನು ಬೇಕು ಕಣ್ರೀ.”

“ಏನಾದ್ರೂ ಆದ್ರೆ?”

“ಆದ್ರೆ ಇಲ್ಲಿ ಆಸ್ಪತ್ರೆ ಐತೆ. ಆನೆ ಇಲ್ಲ.”

ಗಲ್ಲಿಯೊಳಗೆ ಹಿರಿಯ ಹೆಂಗಸೊಬ್ಬರು ನಡೆಸುತ್ತಿದ್ದ ಪುಟ್ಟ ಊಟದ ಮನೆ ಸಿಕ್ಕಿತು. ಗಡಿಯ ನೆಂಟಸ್ತಿಕೆಯಿಂದ ಕಲಿತ ಮುರುಕು ಮಲಯಾಳದಲ್ಲಿ “ಚೆಮ್ಮೀನ್ ವೇಂಡ” ಎಂದು, ಸೀಗಡಿ ಬೇಡವೆಂದು, ಕತ್ತು ಹಿಡಿದುಕೊಂಡು ಅಭಿನಯಿಸಿ ತೋರಿಸಿದೆ. ಆಕೆ ನಗಲಿಲ್ಲ. ಬೇರೆ ಬಾಣಲೆಯನ್ನು ತಿಕ್ಕಿ ತೊಳೆದು, ಹೊಸ ಎಣ್ಣೆ ಸುರಿದು, ನನ್ನ ಕಣ್ಣೆದುರೇ ಮೀನು ಹುರಿದು, “ಪೇಡಿಕ್ಕೇಂಡ” ಎಂದರು. ಹೆದರಬೇಡಿ ಎಂದರ್ಥ. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಗುತ್ತದೆ ಎಂದು ಕಾಲೇಜಿನಲ್ಲಿ ಪಾಠ ಹೇಳುವ ನನಗೆ ಅದು ನೇರವಾಗಿ ‘ಹೇಡಿ’ ಎಂದೇ ಕೇಳಿಸಿತು.

ಗೌರಿ ತಿನ್ನತೊಡಗಿದಳು. ನಾನು ಅವಳ ತುಟಿಯನ್ನೇ ನೋಡುತ್ತ ಕುಳಿತೆ. ಮದುವೆಯಾದ ಹೊಸತರಲ್ಲೂ ಅಷ್ಟು ಏಕಾಗ್ರತೆಯಿಂದ ನೋಡಿದವನಲ್ಲ. ಇದ್ದಕ್ಕಿದ್ದಂತೆ ಅವಳು ಕೆಮ್ಮಿದಳು. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ತುಂಬಿತು. ಕುರ್ಚಿ ಉರುಳಿಸಿಕೊಂಡು ಎದ್ದೆ, ಜೇಬಿನಿಂದ ಚುಚ್ಚುಮದ್ದು ತೆಗೆದು ಮುಚ್ಚಳ ಕೀಳಹೊರಟೆ. ಅವಳು ನನ್ನ ಮಣಿಕಟ್ಟು ಹಿಡಿದಳು.

“ಖಾರ ನೆತ್ತಿಗೇರ್ತು, ಅಷ್ಟೇಯ. ಕೂತ್ಕಳಿ.”

ನಾನು ಕೂರಲಿಲ್ಲ. ಅವಳು ನೀರು ಕುಡಿದು, ಉಸಿರೆಳೆದು ತೋರಿಸಿದಳು. ಸಿಳ್ಳೆ ಇರಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದಳು:

“ನಾನು ಆವತ್ತೇ ಆ ಜೀಪಿಂದ ಇಳ್ದೆ ಕಣ್ರೀ. ನೀವಿನ್ನೂ ಅದ್ರಲ್ಲೇ ಕೂತಿದ್ದೀರ.”

ಚುಚ್ಚುಮದ್ದನ್ನು ಮತ್ತೆ ಜೇಬಿಗೆ ಸೇರಿಸಿದೆ. ಅವಳು ಮುಳ್ಳು ಬಿಡಿಸಿದ ಮೀನಿನ ತುಂಡೊಂದನ್ನು ನಾನು ಮುಟ್ಟದೆ ಬಿಟ್ಟಿದ್ದ ಅನ್ನದ ಮೇಲಿಟ್ಟಳು. ಕೈ ತೊಳೆದು ಬಂದು ಕುಳಿತು ಬಾಯಿಗಿಟ್ಟೆ. ಭಯ ಹೋಗಿರಲಿಲ್ಲ, ಆದರೆ ಬಹಳ ಹೊತ್ತಿನ ಮೇಲೆ ಹಸಿವೂ ಆಗಿತ್ತು. ಒಲೆಯ ಕಡೆ ತಿರುಗಿ ಇನ್ನೊಂದು ಮೀನು ಹೇಳಿದೆ.