ಅನಂತತ್ತೆಯ ಕ್ಯೂ ಕಲ್ಲು

ಒಂದೇ ಸಲ ಕಾಯಿಸಿದ ಹಾಲಿನಲ್ಲಿ ಎಷ್ಟು ಕ್ರಿಮಿ ಬದುಕಿರುತ್ತವೆ ಎಂಬ ಪ್ರಶ್ನೆ ಆ ಬೇಸಿಗೆಯಿಡೀ ನನ್ನ ತಲೆಯಿಂದ ಇಳಿಯಲೇ ಇಲ್ಲ. ಕಾಲೇಜಿನಲ್ಲಿ ಜೀವಶಾಸ್ತ್ರ ಓದಿದ್ದರಿಂದ ನನಗಾದ ಲಾಭ ಅದೊಂದೇ. ಮಗಳು ಪುಟ್ಟಿಗೆ ಹಲ್ಲು ಬರುತ್ತಿತ್ತು, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತಿತ್ತು. ಹಾಲನ್ನು ಇನ್ನೊಂದು ಸಲ ಕಾಯಿಸೋಣವೆಂದರೆ ಸ್ಟೌವಿಗೆ ಸೀಮೆಎಣ್ಣೆ ಇಲ್ಲ. ೧೯೭೪ರಲ್ಲಿ ನಮ್ಮ ರಾಜಾಜಿನಗರದಲ್ಲಿ ಸಕ್ಕರೆ, ಡಾಲ್ಡಾ, ಸೀಮೆಎಣ್ಣೆ ಎಲ್ಲವೂ ಸರದಿಯ ಮೇಲೆ ಮಾಯವಾಗುತ್ತಿದ್ದವು. ತಪ್ಪದೆ ಸಿಗುತ್ತಿದ್ದದ್ದು ಭಾಷಣ ಮಾತ್ರ. ನೀನು ಹೆದರಿದ್ದಕ್ಕೆ ಯಾವ ಕ್ರಿಮಿಯೂ ಸಾಯುವುದಿಲ್ಲ ಎಂದು ನನ್ನ ಗಂಡ ನಾಣಿ ಪೇಪರಿನ ಹಿಂದಿನಿಂದ ತೀರ್ಪು ಕೊಟ್ಟರು. ನಾನು ಪುಟ್ಟಿಯನ್ನು ಸೊಂಟಕ್ಕೇರಿಸಿ, ಡಬ್ಬ ಹಿಡಿದು ಸೀಮೆಎಣ್ಣೆ ಡಿಪೋ ಮುಂದಿನ ಸಾಲಿಗೆ ಹೋದೆ.

ಅನಂತಲಕ್ಷ್ಮಿಯವರು ಸಿಕ್ಕಿದ್ದು ಅಲ್ಲಿ. ನಲವತ್ತೈದು ದಾಟಿದ, ಮದುವೆಯಾಗದ ಹೆಂಗಸು. ಜಾತಕದಲ್ಲಿ ಅದೇನೋ ದೋಷವೆಂದು ಬಂದ ಗಂಡುಗಳೆಲ್ಲ ಉಪ್ಪಿಟ್ಟು ತಿಂದು ಎದ್ದು ಹೋಗಿದ್ದರು. ಉಪ್ಪಿಟ್ಟಿನಲ್ಲಿ ಮಾತ್ರ ಯಾರೂ ದೋಷ ಕಂಡಿರಲಿಲ್ಲ. ಅಪ್ಪ ಅಮ್ಮ ಹೋದ ಮೇಲೆ ತಮ್ಮ ವೆಂಕಟಗಿರಿಯ ಮನೆಯಲ್ಲಿದ್ದರು. ಅಡಿಗೆ, ಮಡಿ, ತಮ್ಮನ ಹೆಂಡತಿಯ ಬಾಣಂತನ ಎಲ್ಲ ಅವರ ಪಾಲಿಗೆ. ವೆಂಕಟಗಿರಿ ನಾಣಿಯ ಆಫೀಸಿನಲ್ಲಿ ದೊಡ್ಡ ಸಾಹೇಬರು. ಹಾಗಾಗಿ ಆಕೆಯ ಮುಂದೆ ನಾನು ಮೊದಮೊದಲು ಸೆರಗು ಹೊದ್ದು ನಿಲ್ಲುತ್ತಿದ್ದೆ. ಆಕೆಯೇ ನಕ್ಕು, ಅತ್ತೆ ಅನ್ನು ಸಾಕು ಎಂದರು.

ನಮ್ಮ ಸಾಲಿನಲ್ಲಿ ಮನುಷ್ಯರಿಗಿಂತ ಕಲ್ಲುಗಳೇ ಹೆಚ್ಚು. ಬೆಳಿಗ್ಗೆ ಬಂದು ಒಂದು ಕಲ್ಲಿಟ್ಟರೆ ಅದು ನಿಮ್ಮ ಜಾಗ. ಮನೆಗೆ ಹೋಗಿ ಒಗ್ಗರಣೆ ಹಾಕಿ ಬರಬಹುದು. ಯಾರಾದರೂ ಕಲ್ಲು ಸರಿಸಿದರೆ ಜಗಳ. ಸಾಲು ಡಿಪೋ ಮೂಲೆ ತಿರುಗಿ, ಪಕ್ಕದ ಗೇಟಿನ ಮುಂದೆ ಹಾಯುತ್ತಿತ್ತು. ಆ ಗೇಟಿನಿಂದಲೇ ಡಿಪೋ ಮಾಲೀಕ ದೊಡ್ಡಹನುಮಯ್ಯ ಪೀಪಾಯಿಗಳನ್ನು ತಳ್ಳುಗಾಡಿಯಲ್ಲಿ ಹೋಟೆಲುಗಳಿಗೆ ಸಾಗಿಸಿ, ಮುಂದಿನ ಬಾಗಿಲಿಗೆ ‘ಸ್ಟಾಕ್ ಇಲ್ಲ’ ಬೋರ್ಡು ನೇತುಹಾಕುತ್ತಿದ್ದ.

ಒಂದು ಶುಕ್ರವಾರ ಅನಂತತ್ತೆ ಹೊಸ್ತಿಲ ಪೂಜೆ ಮುಗಿಸಿ, ಅರಿಶಿನ ಕುಂಕುಮದ ಬಟ್ಟಲನ್ನು ಕೈಯಲ್ಲೇ ಹಿಡಿದು ಓಡಿಬಂದರು. ಹೊಸ್ತಿಲು, ತುಲಸಿಕಟ್ಟೆ, ಒರಳುಕಲ್ಲು ಎಂದು ಮೂವತ್ತು ವರ್ಷ ಬಳಿದ ಕೈ. ಗೇಟಿನ ಮುಂದೆ ತಮ್ಮ ಕಲ್ಲಿಟ್ಟು, ಯಾವುದೋ ಯೋಚನೆಯಲ್ಲಿ ಅದಕ್ಕೂ ಅರಿಶಿನ ಬಳಿದು, ಕುಂಕುಮವಿಟ್ಟು ಮನೆಗೆ ಹೋದರು. ತಿರುಗಿ ಬರುವಷ್ಟರಲ್ಲಿ ಕಲ್ಲಿನ ತಲೆಯ ಮೇಲೆ ಕನಕಾಂಬರ, ಮುಂದೆ ಕರ್ಪೂರ. ಕಾಮಾಕ್ಷಿಪಾಳ್ಯದಿಂದ ಬರುವ ಅಂಜನಮ್ಮ ಅಡ್ಡಬಿದ್ದು ಏಳುತ್ತಿದ್ದಳು. ದೊಡ್ಡಹನುಮಯ್ಯ ಚಪ್ಪಲಿ ಬಿಟ್ಟು, ತಳ್ಳುಗಾಡಿಯ ಪಕ್ಕ ಕೈಮುಗಿದು ನಿಂತಿದ್ದ. ದೇವರನ್ನು ಸರಿಸದೆ ಗಾಡಿ ಹೊರಬರುವಂತಿಲ್ಲ. ಸರಿಸಲು ಅವನಿಗೆ ಧೈರ್ಯವಿಲ್ಲ.

ಅನಂತತ್ತೆ ಕಂಗಾಲಾಗಿ ಅಂಜನಮ್ಮನ ಕಿವಿಯಲ್ಲಿ ಹೇಳಿದರು: “ಅಯ್ಯೋ, ಅದು ನನ್ನ ಕ್ಯೂ ಕಲ್ಲು ಕಣಮ್ಮ.”

“ಗೊತ್ತು ಸುಮ್ನಿರಿ ಅಮ್ಮಾವ್ರೆ,” ಎಂದಳು ಅಂಜನಮ್ಮ, ಕಣ್ಣು ಮುಚ್ಚಿಕೊಂಡೇ. “ಎಣ್ಣೆ ಮುಂದ್ಗಡೆಯಿಂದ ಬರೋಗಂಟ ಇದು ಅಮ್ಮನೇ.”

ಅಂದು ಎಣ್ಣೆ ಮುಂದಿನ ಬಾಗಿಲಿಂದ ಬಂತು. ಮರುದಿನವೂ ಬಂತು. ನಾನು ಹಾಲನ್ನು ಮೂರು ಸಲ ಕಾಯಿಸಿ ತಳ ಹಿಡಿಸಿದೆ.

ಅಮ್ಮನಿದ್ದ ಮೇಲೆ ಅಮ್ಮನ ಪರವಾಗಿ ಮಾತಾಡುವವರೊಬ್ಬರು ಬೇಕಲ್ಲ. ಸಾಲಿನಲ್ಲಿ ನುಗ್ಗಬಾರದು ಎಂದು ಅಮ್ಮನಿಗೆ ಇಷ್ಟ, ಬಸುರಿಯರು ಮುಂದೆ ನಿಲ್ಲಬೇಕೆಂದು ಅಮ್ಮನಿಗೆ ಇಷ್ಟ. ಅನಂತತ್ತೆ ಇದನ್ನೆಲ್ಲ ಮೊದಲು ತಡವರಿಸುತ್ತ, ಆಮೇಲೆ ಗಂಟಲೆತ್ತಿ ಹೇಳತೊಡಗಿದರು. ಗೋಡೆಯ ನೆರಳಿನಲ್ಲಿ ಜಮಖಾನೆ ಹಾಸಿ ಮಕ್ಕಳನ್ನು ನೋಡಿಕೊಂಡರು. ಅವರ ತೊಡೆಯ ಮೇಲೆ ಪುಟ್ಟಿ ಮಣ್ಣು ತಿಂದಳು, ಏನೂ ಆಗಲಿಲ್ಲ. ಅಂಜನಮ್ಮ ಕೊಟ್ಟ ಎಲೆ ಅಡಿಕೆಯನ್ನು ಅತ್ತೆ ಮಡಿ ಮರೆತು ಬಾಯಿಗಿಟ್ಟುಕೊಂಡದ್ದನ್ನು ನಾನು ಕಂಡೆ. ಯಾರಿಗೆ ಜಗಳವಾದರೂ, ಅತ್ತೆ ಬರಲಿ, ಕೇಳೋಣ ಎನ್ನುವಂತಾಯಿತು. ಮನೆಯಲ್ಲಿ ಅವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ, ಸಾರಿಗೆ ಉಪ್ಪು ಸಾಕೇ ಎನ್ನುವುದೊಂದನ್ನು ಬಿಟ್ಟು.

ದೊಡ್ಡಹನುಮಯ್ಯ ದೇವರಿಗೆ ಹೆದರುತ್ತಿದ್ದ, ವೆಂಕಟಗಿರಿಗಲ್ಲ. ನೇರ ಅವರ ಮನೆಗೆ ಹೋಗಿ, ನಿಮ್ಮ ಅಕ್ಕನವರು ಬೀದಿಯಲ್ಲಿ ಕಂಡಕಂಡವರ ಜೊತೆ ಕೂತು ಎಲೆ ಅಡಿಕೆ ಜಗಿಯುತ್ತಿದ್ದಾರೆ, ಮರ್ಯಾದಸ್ಥರ ಮನೆ ಎಂದು ಹೇಳುತ್ತಿದ್ದೇನೆ ಎಂದ. ಅಂದೇ ತೀರ್ಮಾನವಾಯಿತು: ಭಾನುವಾರ ಅತ್ತೆ ಅರಸೀಕೆರೆಯ ಚಿಕ್ಕ ತಮ್ಮನ ಮನೆಗೆ. ಅಲ್ಲೂ ಒಂದು ಬಾಣಂತನ ಕಾದಿತ್ತು.

ನಾನು ಹೋದಾಗ ಅತ್ತೆ ಸೀರೆ ಮಡಿಸುತ್ತಿದ್ದರು. ಹೋಗಲು ಇಷ್ಟವಿದೆಯೇ ಎಂದು ಕೇಳಿದೆ.

“ಇಷ್ಟ ಇಲ್ಲ ಕಣೇ ಸೀತಾ. ಆದ್ರೆ ಬೇಡ ಅಂತ ಹೇಳೋದು ಹೇಗೆ? ಈ ಮನೇಲಿ ನಾನು ಯಾವತ್ತೂ ಹೇಳಿಲ್ಲ.”

ಸಾಲಿನ ಹೆಂಗಸರು ನನ್ನತ್ತ ನೋಡಿದರು. ಸಾಹೇಬರಿಗೆ ಫೋನು ಮಾಡಬಲ್ಲವಳು, ಇಂಗ್ಲಿಷು ಬಲ್ಲವಳು ನಾನೊಬ್ಬಳೇ. ನಾಣಿಯ ಬಡ್ತಿ ಅದೇ ಸಾಹೇಬರ ಕೈಯಲ್ಲಿತ್ತು. ಎರಡು ದಿನ ನನಗೆ ಗಂಟಲು ನೋವು ಬಂತು. ಶನಿವಾರ ಅಂಜನಮ್ಮ, “ನಿಮ್ ಗಂಟ್ಲು ವಾಸಿಯಾಗೋದು ಸೋಮವಾರಾನಾ?” ಎಂದಳು. ನಾನು ಅತ್ತೆಯ ಕೈಹಿಡಿದು ಫೋನಿದ್ದ ಮೆಡಿಕಲ್ ಶಾಪಿಗೆ ನಡೆದೆ. ಸಾಲಿಗೆ ಸಾಲೇ ಹಿಂದೆ ಬಂತು. ಅಂಗಡಿಯವನು ಗಾಬರಿಯಾಗಿ ಫೋನನ್ನು ನನ್ನತ್ತ ತಳ್ಳಿದ.

ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯ ಬಾಯಿಪಾಠ ಮಾಡಿದ್ದೆ. ಆಚೆಯಿಂದ ‘ಹಲೋ’ ಕೇಳುತ್ತಲೇ ಒಂದೂ ಉಳಿಯಲಿಲ್ಲ.

“ಸಾರ್, ನಾನು ಸೀತಾ, ನಾಣಿಯವರ ಮನೆಯವಳು. ಅತ್ತೆಗೆ ಹೋಗಕ್ಕಿಷ್ಟ ಇಲ್ಲ ಸಾರ್. ಅವರನ್ನೇ ಕೇಳಿ,” ಎಂದವಳೇ ರಿಸೀವರನ್ನು ಅತ್ತೆಯ ಕೈಗೆ ತುರುಕಿದೆ.

ಅತ್ತೆ ಅದನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದರು. ಒಳಗಿನಿಂದ ತಮ್ಮನ ದನಿ ಅಂಗಡಿಗೆಲ್ಲ ಕೇಳುತ್ತಿತ್ತು. ಅದು ಉಸಿರು ತೆಗೆದುಕೊಳ್ಳಲು ನಿಂತಾಗ ಅತ್ತೆ ಬಾಯಿ ತೆರೆದರು.

“ನಾನು ಹೋಗಲ್ಲ ಕಣೋ ವೆಂಕಟು.”

ದನಿ ಮತ್ತೆ ಶುರುವಾಯಿತು. ಅತ್ತೆ ಸ್ವಲ್ಪ ಹೊತ್ತು ಕೇಳಿದರು, ಬಾಗಿಲಲ್ಲಿ ಡಬ್ಬ ಹಿಡಿದು ನಿಂತವರತ್ತ ನೋಡಿದರು.

“ಮಿಕ್ಕಿದ್ದು ಸಾಯಂಕಾಲ ಬೈಯುವಿಯಂತೆ. ಇಲ್ಲಿ ಜನ ಕಾಯ್ತಿದಾರೆ,” ಎಂದು ಫೋನು ಇಟ್ಟರು.