ಕರಡಿಗೆ ಹೇಳಿದ ಮಾತು

ಮಳೆ ಹೊಯ್ದು ನಿಂತ ಮಾರನೆಯ ದಿನ ಕೆರೆ ನೋಡಲು ಹೊರಡುವುದು ನಮ್ಮ ತಾತನ ಚಟವಾಗಿತ್ತು. ತಾತ ಎಂದರೆ ಅಪ್ಪನ ಅಪ್ಪ, ಮನೆಯ ಯಜಮಾನರು. ಅವರ ಚಟ ಮನೆಮಂದಿಯೆಲ್ಲರ ಚಟವೂ ಆಗಲೇಬೇಕು. ರೊಟ್ಟಿಯ ಬುತ್ತಿ ಕಟ್ಟಿಕೊಂಡು ನಾವೆಲ್ಲ ಅವರ ಹಿಂದೆ ಹೊರಡುತ್ತಿದ್ದೆವು. ಕೆರೆಗೆ ಎಷ್ಟು ನೀರು ಬಂದಿದೆ, ತೂಬಿನ ಕಲ್ಲು ಎಲ್ಲಿಯವರೆಗೆ ಮುಳುಗಿದೆ, ಯಾವ ಹಳ್ಳ ಇನ್ನೂ ಹರಿಯುತ್ತಿದೆ ಎಂದು ಕಣ್ಣಾರೆ ಕಂಡು, ಏರಿಯ ಮೇಲೆ ಕುಳಿತು ಉಂಡು, ಸಂಜೆಗೆ ಮನೆ ಸೇರುವುದು. ಐವತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ಮಧುಗಿರಿ, ಕೊರಟಗೆರೆಯ ಕಡೆ ಇಂಥ ತಿರುಗಾಟಕ್ಕೆ ಹೆಸರೇನೂ ಇರಲಿಲ್ಲ. ನನಗಂತೂ ವರ್ಷದಲ್ಲಿ ಅದಕ್ಕಿಂತ ದೊಡ್ಡ ದಿನ ಇರಲಿಲ್ಲ.

ನನಗೆ ಹತ್ತು ತುಂಬಿದ ವರ್ಷ ಹಿಂಗಾರು ಜೋರಾಗಿ ಹಿಡಿಯಿತು. ಸಂತೆಯಿಂದ ಬಂದವರೊಬ್ಬರು ಸುದ್ದಿ ತಂದರು: ಬೆಟ್ಟದಾಚೆಯ ಕೆರೆ ಕೋಡಿ ಬಿದ್ದಿದೆ! ಕೆರೆ ತುಂಬಿ, ಹೆಚ್ಚಾದ ನೀರು ಕೋಡಿಯ ಕಲ್ಲುಗಳ ಮೇಲೆ ಹರಿದುಹೋಗುವುದು ನಮ್ಮ ಸೀಮೆಯಲ್ಲಿ ಎಷ್ಟೋ ವರ್ಷಕ್ಕೊಮ್ಮೆ ಕಾಣುವ ನೋಟ. ಜಗಲಿಯ ಮೇಲೆ ಕೂತಿದ್ದ ತಾತ ಎದ್ದು ನಿಂತರು. ಆಮೇಲೆ ಮತ್ತೆ ಕೂತರು. ಅದು ಅವ್ವನ ತವರೂರಿನ ಕೆರೆ.

ಅವ್ವನ ತಮ್ಮನ ಮದುವೆಯಲ್ಲಿ, ಎಲೆಯ ಮುಂದೆ ಕೂತಿದ್ದ ತಾತನನ್ನು ಯಾರೋ ಎಬ್ಬಿಸಿ ಆ ಜಾಗದಲ್ಲಿ ಹೆಣ್ಣಿನ ಕಡೆಯವರನ್ನು ಕೂರಿಸಿದ್ದರಂತೆ. ತಾತ ಉಣ್ಣದೆ ಹೊರಟು ಬಂದರು. ಅಂದಿನಿಂದ ನಮ್ಮ ಮನೆಯವರು ಆ ಊರಿಗೆ ಹೋಗುವುದು ನಿಂತುಹೋಯಿತು. ತಂಗಿ ಹುಟ್ಟಿದ್ದು ಅದಾದ ಮೇಲೆ. ಅವಳಿಗೆ ಐದು ವರ್ಷವಾಗಿದ್ದರೂ ಅವ್ವನ ಅವ್ವ ಅವಳ ಮುಖ ನೋಡಿರಲಿಲ್ಲ. ಈ ಮಾತು ಬಂದಾಗ ತಾತ ಬೈಯುತ್ತಿರಲಿಲ್ಲ, ಆಗದು ಎನ್ನುತ್ತಲೂ ಇರಲಿಲ್ಲ. ಸುಮ್ಮನಾಗಿಬಿಡುತ್ತಿದ್ದರು. ಅವರು ಸುಮ್ಮನಾದರೆ ಆ ಮಾತು ಅಲ್ಲಿಗೆ ಮುಗಿದಂತೆ.

ಎರಡು ದಿನ ತಾತ ಚಡಪಡಿಸಿದರು. ಮೂರನೆಯ ಬೆಳಿಗ್ಗೆ ಅಂಗಳದಲ್ಲಿ ನಿಂತು ಅಪ್ಪನಿಗೆ ಹೇಳಿದರು: “ಬುತ್ತಿ ಕಟ್ಟಕ್ಕೆ ಹೇಳ್ಲಾ. ಕೆರೆ ಏನು ಅವರಪ್ಪನ ಮನೇದಲ್ಲ. ಕೋಡಿ ನೋಡೋದು, ಉಣ್ಣೋದು, ಅಂಗೇ ತಿರುಗೋದು. ಊರೊಳಕ್ಕೆ ಯಾರೂ ಕಾಲಿಕ್ಕಂಗಿಲ್ಲ.”

ಅವ್ವ ಒಳಗಿನಿಂದಲೇ ಕೇಳಿಸಿಕೊಂಡಳು. ಮಾವನ ಮುಂದೆ ನಿಂತು ಮಾತಾಡುವ ವಾಡಿಕೆ ಅವಳಿಗಿರಲಿಲ್ಲ. ಹೇಳಬೇಕಾದ್ದನ್ನು ಅಪ್ಪನ ಮೂಲಕವೋ ನನ್ನ ಮೂಲಕವೋ ಹೇಳಿಸುತ್ತಿದ್ದಳು. ರೊಟ್ಟಿ ತಟ್ಟಿ ಮುಗಿಸಿದವಳೇ ತಂಗಿಗೆ ಹೊಸ ಲಂಗ ಹಾಕಿ, ಎರಡು ಜಡೆ ಹೆಣೆದು, ಕನಕಾಂಬರ ಮುಡಿಸಿದಳು.

“ಕಾಡಿಗೆ ಹೋಗಕ್ಕೆ ಹೊಸ ಲಂಗ ಯಾಕೆ?” ಎಂದು ಅಪ್ಪ ಕೇಳಿದ.

“ನಾವು ಕೆರೆ ನೋಡ್ತೀವಿ. ಕೆರೆ ನಮ್ ಮಗೂನ ನೋಡಬ್ಯಾಡ್ವಾ?” ಎಂದಳು ಅವ್ವ.

ಹೊಲಗಳನ್ನು ದಾಟಿ ಬೆಟ್ಟದ ಬುಡ ಮುಟ್ಟುವ ಹೊತ್ತಿಗೆ ಬಿಸಿಲು ಏರಿತ್ತು. ಅಲ್ಲಿಂದ ಕಾಲುಹಾದಿ ಕಾಡು ಹೊಗುತ್ತದೆ. ಆನೆಯಷ್ಟು ದೊಡ್ಡ ಬಂಡೆಗಳ ನಡುವೆ ಬಂದರಿಕೆ ಗಿಡ, ಮುತ್ತುಗ, ಎಲ್ಲಕ್ಕಿಂತ ಹೆಚ್ಚಾಗಿ ಸೀತಾಫಲ. ಮಳೆ ತೊಳೆದ ಬಂಡೆಗಳು ಕಪ್ಪಗೆ ಹೊಳೆಯುತ್ತಿದ್ದವು. ಬಂಡೆಯ ಗುಳಿಗಳಲ್ಲೆಲ್ಲ ನೀರು, ಪ್ರತಿ ಗುಳಿಯಲ್ಲೂ ಒಂದೊಂದು ತುಂಡು ಆಕಾಶ. ತಂಗಿ ಸಿಕ್ಕ ಸಿಕ್ಕ ಗುಳಿಗೆ ಕೈ ಅದ್ದುತ್ತಿದ್ದಳು. ನಾನು ಬಾಯಿ ಬಿಟ್ಟ ಹಣ್ಣುಗಳನ್ನು ಹುಡುಕಿ ಮಡಿಲು ತುಂಬಿಕೊಂಡೆ. ಓಡಬೇಕು ಎನಿಸುತ್ತಿತ್ತು, ಎಲ್ಲಿಗೆ ಎಂದು ಗೊತ್ತಿರಲಿಲ್ಲ.

ಇಳಿಜಾರಿನಲ್ಲೊಂದು ಹುತ್ತ ಕಂಡಿತು. ಅದನ್ನು ಯಾರೋ ಗುದ್ದಲಿಯಿಂದ ಅಗೆದಂತಿತ್ತು. ಮಣ್ಣು ಇನ್ನೂ ಹಸಿಯಾಗಿತ್ತು.

“ಇಲ್ಲಿಂದ ಯಾರೂ ಬಾಯಿ ಮುಚ್ಚಬ್ಯಾಡಿ,” ಎಂದರು ತಾತ.

ಸೀತಾಫಲ ಹಣ್ಣಾಗುವ ಕಾಲದಲ್ಲಿ ಆ ಬಂಡೆಗಳ ನಡುವೆ ಕರಡಿ ಇರುತ್ತದೆ; ಗೆದ್ದಲಿಗಾಗಿ ಹುತ್ತ ಅಗೆಯುವುದೂ ಅದೇ. ಮನುಷ್ಯರು ಬರುವುದು ದೂರದಿಂದಲೇ ಕೇಳಿದರೆ ಅದೇ ಸರಿದುಹೋಗುತ್ತದೆ. ಸದ್ದಿಲ್ಲದೆ ಹತ್ತಿರ ಹೋದರೆ ಗಾಬರಿಯಿಂದ ಮೇಲೆ ಬೀಳುತ್ತದೆ. ಹಾಗಾಗಿ ಆ ಹಾದಿಯಲ್ಲಿ ಕಣಿವೆ ದಾಟುವವರೆಗೆ ಒಂದು ಗಳಿಗೆಯೂ ಸುಮ್ಮನಿರಕೂಡದೆಂಬುದು ತಾತನೇ ಮಾಡಿದ ಕಟ್ಟಳೆ. ಒಬ್ಬರ ದನಿ ನಿಂತರೆ ಇನ್ನೊಬ್ಬರು ಎತ್ತಿಕೊಳ್ಳಬೇಕು. ತಾತ ತಮಗೆ ಗೊತ್ತಿದ್ದ ಕೆರೆಗಳ ಹೆಸರನ್ನೆಲ್ಲ ಕೂಗುತ್ತಿದ್ದರು. ಅಪ್ಪ ಇಲ್ಲದ ಎತ್ತುಗಳನ್ನು ಹೊಡೆಯುತ್ತಾ “ಹೋ, ಬಾ ಬಾ, ಎಡಕ್ಕೆ!” ಎಂದು ಉಳುತ್ತಿದ್ದ. ತಂಗಿ, “ಲೇ ಕರಡೀ, ಬರಬ್ಯಾಡ ಕಣ್ಲಾ! ನಮ್ ತಾತ ಹೊಡೀತಾರೆ!” ಎಂದು ಬೆದರಿಸುತ್ತಿದ್ದಳು. ನನಗೆ ನನ್ನದೆನ್ನುವ ಮಾತನ್ನು ಗಟ್ಟಿಯಾಗಿ ಹೇಳುವುದು ಆಗಲೂ ಬರುತ್ತಿರಲಿಲ್ಲ. ಹಾಗಾಗಿ ಮಗ್ಗಿ ಕೂಗುತ್ತಿದ್ದೆ, “ಹದಿನೇಳೊಂದ್ಲ ಹದಿನೇಳು, ಹದಿನೇಳೆರಡ್ಲ ಮೂವತ್ನಾಲ್ಕು” ಎಂದು. ಅವ್ವ ದನಿ ಎತ್ತುವಂತಿರಲಿಲ್ಲವಾದ್ದರಿಂದ ಹಿತ್ತಾಳೆ ತಂಬಿಗೆಗೆ ಸೌಟು ಬಡಿಯುತ್ತಾ ಕೊನೆಯಲ್ಲಿ ಬರುತ್ತಿದ್ದಳು.

ಅಪ್ಪನ ಎತ್ತುಗಳು ದಣಿದವು. ಇನ್ನು ನನ್ನ ಸರದಿ. ಅಷ್ಟರಲ್ಲಿ ಸೌಟಿನ ಸದ್ದು ನಿಂತಿತು.

“ಕರಡೀ, ಕೇಳಿಸ್ಕೊಳ್ಳೇ!”

ಅದು ಅವ್ವನ ದನಿಯೆಂದು ತಿಳಿಯಲು ನನಗೆ ಒಂದು ಕ್ಷಣ ಬೇಕಾಯಿತು. ಅಷ್ಟು ದೊಡ್ಡ ದನಿ ಅವಳಿಗಿದೆಯೆಂದೇ ನನಗೆ ಗೊತ್ತಿರಲಿಲ್ಲ.

“ನೀನೂ ಮಕ್ಕಳೊಂದಿಗಳು. ಮರೀನ ಬೆನ್ನ ಮೇಲೆ ಕುಂಡ್ರಿಸ್ಕೊಂಡು ನಿಂಗೆ ಬೇಕಾದ ಕಡೆ ಹೋಯ್ತೀಯ. ಯಾರೂ ಕೇಳಲ್ಲ. ನನ್ ಮಗೀಗೆ ಐದು ತುಂಬ್ತು, ನಮ್ಮವ್ವ ಇನ್ನೂ ಮೊಕ ನೋಡಿಲ್ಲ. ಏರಿ ಮೇಲೆ ನಿಂತ್ರೆ ನಮ್ಮವ್ವನ ಒಲೆ ಹೊಗೆ ಕಾಣ್ತದೆ. ಹೊಗೆ ನೋಡ್ಕೊಂಡು ಅಂಗೇ ತಿರುಗು ಅಂದ್ರೆ, ನೀನಾಗಿದ್ರೆ ತಿರುಗ್ತಿದ್ಯಾ, ಹೇಳು!”

ದನಿ ಬಂಡೆಗಳಿಗೆ ತಾಕಿ ಹಿಂದಿರುಗಿತು. ಮುಂದೆ ನಡೆಯುತ್ತಿದ್ದ ತಾತ ನಿಂತರು, ತಿರುಗಿ ನೋಡಲಿಲ್ಲ. ಮನೆಯಲ್ಲಿ ಸುಮ್ಮನಾಗುತ್ತಿದ್ದಂತೆಯೇ ಸುಮ್ಮನಾದರು. ಅಪ್ಪ ನನ್ನತ್ತ ನೋಡಿ, ಬರಿ ತುಟಿಯಲ್ಲಿ “ಹದಿನೇಳು, ಹದಿನೇಳು” ಎಂದ.

ನಾನು ಬಾಯಿ ತೆರೆದೆ. ಮಗ್ಗಿ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಕೂಗಿದರೆ ತಾತ ಮಾತಾಡಬೇಕಾಗಿಲ್ಲ, ಹೀಗೇ ಕಣಿವೆ ಮುಗಿಯುತ್ತದೆ, ಅವ್ವನ ಮಾತೂ ಮುಗಿಯುತ್ತದೆ. ನಾನು ಬಾಯಿ ಮುಚ್ಚಿಕೊಂಡೆ. ತಂಗಿ ಏನೋ ಹೇಳಹೊರಟಳು; ಅವಳ ಬಾಯಿಗೆ ಒಂದು ತೊಳೆ ಸೀತಾಫಲ ಇಟ್ಟೆ.

ಕಾಡು ಎಷ್ಟು ನಿಶ್ಶಬ್ದವಾಗಬಲ್ಲದೆಂದು ಅಂದೇ ಗೊತ್ತಾದದ್ದು. ಎಲೆಯಿಂದ ಹನಿ ಬೀಳುವುದು ಕೇಳುತ್ತಿತ್ತು. ಮೇಲೆಲ್ಲೋ ಒಂದು ಕಲ್ಲು ಸಣ್ಣಗೆ ಉರುಳಿತು. ತಾತ ಕೆಮ್ಮಿದರು. ಕೋಲನ್ನು ಬಂಡೆಗೆ ಕುಟ್ಟಿದರು. ಮತ್ತೆ ಉರುಳಿತು ಕಲ್ಲು, ಈ ಸಲ ಇನ್ನೂ ಹತ್ತಿರ.

“ಕರಡೀ!” ಎಂದು ತಾತ ಅಬ್ಬರಿಸಿದರು. “ಅವಳಿಗೆ ಹೇಳು! ಎಲೆ ಮುಂದ್ಲಿಂದ ಎಬ್ಬಿಸ್ಕೊಂಡು ಬಂದೋನು ನಾನು!”

“ಅದಕ್ಕೇ ನಮ್ಮಪ್ಪ ಬಂದು ಕೈ ಮುಗಿದ್ರು ಅಂತ ಹೇಳೇ ಕರಡೀ!” ಎಂದಳು ಅವ್ವ. “ಮಾವ್ನೋರು ಆಚೆಗೇ ಬರ್ಲಿಲ್ಲ!”

“ಒಂದ್ಸಲ ಬಂದ್ಬುಟ್ರೆ ಆಯ್ತಾ? ಇನ್ನೊಂದ್ಸಲ ಬಂದಿದ್ರೆ ಬರ್ತಿದ್ದೆ, ಅಂತ ಹೇಳು!”

“ಕರಡಿ ಎಲ್ಲೈತೆ? ನಾನೂ ಹೇಳ್ಬೇಕು,” ಎಂದು ತಂಗಿ ರಚ್ಚೆ ಹಿಡಿದಳು. ಅಪ್ಪ ನಗು ತಡೆಯಲಾರದೆ, “ಪಂಚಾಯ್ತಿಗೆ ಕುಂತೈತೆ ಕಣಮ್ಮ, ತೀರ್ಮಾನ ಹೇಳೋಗಂಟ ಏಳಲ್ಲ” ಎಂದ. “ನೀನು ಮುಚ್ಲಾ ಬಾಯಿ!” ಎಂದರು ತಾತ. ಬಾಯಿ ಮುಚ್ಚಬೇಡಿ ಎಂದವರು ಅವರೇ! ಅವರಿಗೂ ಅದು ಹೊಳೆದಿರಬೇಕು. ಮೀಸೆಯ ತುದಿ ಸ್ವಲ್ಪ ಅಲುಗಿತು.

ಕಣಿವೆಯ ಕೊನೆಯ ಬಂಡೆಗಳನ್ನು ದಾಟುತ್ತಿದ್ದಂತೆ ತಾತ ಮತ್ತೊಮ್ಮೆ ಕೂಗಿದರು. ಈ ಸಲ ದನಿ ಅಷ್ಟು ದೊಡ್ಡದಾಗಿರಲಿಲ್ಲ. “ಮಗೂನ ತೋರಿಸ್ಕೊಂಡು ಬರ್ಲಿ. ನಾನು ಏರಿ ದಾಟಲ್ಲ. ಹೊತ್ತು ಇಳಿಯೋದ್ರೊಳಗೆ ತಿರುಗಿ ಬರ್ಬೇಕು, ಅಂತ ಹೇಳು.”

ಅವ್ವ ತಂಬಿಗೆಗೆ ಸೌಟು ಬಡಿಯತೊಡಗಿದಳು. ಅಷ್ಟು ಜೋರಾಗಿ ಅವಳು ಎಂದೂ ಬಡಿದಿರಲಿಲ್ಲ.

ಕಾಡು ಬಿಟ್ಟು ಏರಿ ಹತ್ತಿದೆವು. ನಾನು ಅಷ್ಟು ನೀರನ್ನು ಕಂಡಿರಲೇ ಇಲ್ಲ! ಬೆಟ್ಟದ ನೆರಳಿನವರೆಗೂ ನೀರೇ ನೀರು. ಅರ್ಧ ಮುಳುಗಿದ ಜಾಲಿ ಮರಗಳ ಮೇಲೆ ಬೆಳ್ಳಕ್ಕಿಗಳು. ಏರಿಯ ಆ ತುದಿಯಲ್ಲಿ ಕೋಡಿ ಭೋರ್ಗರೆಯುತ್ತಿತ್ತು. ಅದರ ಆಚೆಯ ದಡದಲ್ಲಿ ಊರಿನ ಜನ ನೀರು ನೋಡುತ್ತಾ ನಿಂತಿದ್ದರು. ಊರು ಸೇರಬೇಕಾದರೆ ಆ ಕೋಡಿಯನ್ನೇ ದಾಟಬೇಕು.

ತಾತ ನೀರು ನೋಡಿದರು, ಅವ್ವನನ್ನು ನೋಡಿದರು. ಬೇಡ ಎನ್ನುತ್ತಾರೆಂದುಕೊಂಡೆ. ಅವ್ವ ಅವರಿಗೆ ಸಮಯವನ್ನೇ ಕೊಡಲಿಲ್ಲ. ಸೀರೆಯನ್ನು ಮೊಳಕಾಲಿನ ಮೇಲಕ್ಕೆ ಕಟ್ಟಿ, ತಂಬಿಗೆ, ಸೌಟುಗಳನ್ನು ಸೊಂಟಕ್ಕೆ ಸಿಕ್ಕಿಸಿ, ತಂಗಿಯನ್ನು ಬೆನ್ನಿಗೆ ಏರಿಸಿಕೊಂಡು ನೀರಿಗಿಳಿದಳು. ಅಪ್ಪ ಹಿಂದೆಯೇ ಇಳಿದ. ನಾನು ತಾತನ ಹತ್ತಿರ ಉಳಿದೆ. ಅವರೊಬ್ಬರನ್ನೇ ಬಿಟ್ಟು ಹೋಗಲು ಯಾಕೋ ಮನಸ್ಸಾಗಲಿಲ್ಲ.

ನೀರು ಅವ್ವನ ಮೊಳಕಾಲು ಮುಟ್ಟಿತು. ತಂಗಿಯ ಹೊಸ ಲಂಗದ ಅಂಚು ತೊಯ್ದಿತು. ತಾತ ಕೋಡಿಯ ಅಂಚಿಗೇ ಹೋಗಿ ನಿಂತಿದ್ದರು.

“ಎಡಕ್ಕೆ! ಎಡಕ್ಕೆ ಕಾಲಿಡಮ್ಮ, ಅಲ್ಲಿ ಪಾಚಿ ಐತೆ!”

“ಗೊತ್ತು ಬುಡಿ ಮಾವ!” ಎಂದು ಅವ್ವ ಹಿಂದಿರುಗಿ ನೋಡದೆಯೇ ಕೂಗಿದಳು. “ಇದು ನಮ್ಮೂರ ಕೋಡಿ!”

ಆಚೆ ದಡದ ಗುಂಪಿನಲ್ಲಿ ಗದ್ದಲವೆದ್ದಿತು. ಯಾರೋ ಊರಿನತ್ತ ಓಡಿದರು. ಹೆಂಗಸರು ನೀರಿಗಿಳಿದು ಕೈ ಚಾಚಿದರು. ಆಮೇಲೆ ಅವ್ವ, ತಂಗಿ, ಅಪ್ಪ ಮೂವರೂ ಅವರ ನಡುವೆ ಕಾಣದಾದರು.

ತಾತ ಏರಿಯ ಕಲ್ಲಿನ ಮೇಲೆ ಕೂತು ಬುತ್ತಿ ಬಿಚ್ಚಿದರು. ನನಗೊಂದು ರೊಟ್ಟಿ ಕೊಟ್ಟು, ತಾವೊಂದು ಮುರಿದು, ನೀರಿನತ್ತ ನೋಡುತ್ತಾ ಕೇಳಿದರು:

“ಆಗ್ಲೇ ಯಾಕೆ ಮಗ್ಗಿ ಹೇಳ್ಲಿಲ್ಲ ನೀನು?”

ನಾನು ಸುಮ್ಮನಿದ್ದೆ.

“ಊಂ,” ಎಂದರು ತಾತ. “ನಂಗೆ ಸರಿಯಾದೋಳು ನೀನು.”

ಆಚೆಯಿಂದ, ನೀರಿನ ಸದ್ದನ್ನೂ ಮೀರಿ, ತಂಬಿಗೆಗೆ ಸೌಟು ಬಡಿಯುವುದು ಕೇಳಿಸಿತು. ಮನೆ ಮುಟ್ಟಿದೆವೆಂದು ಅವ್ವ ತಿಳಿಸುತ್ತಿದ್ದಳು. ತಾತ ಎದ್ದು ನಿಂತು, ಕರಡಿಯೇ ಇಲ್ಲದ ಆ ಬಯಲಿನಲ್ಲಿ, ತಮ್ಮ ದನಿಯಿದ್ದಷ್ಟೂ ಜೋರಾಗಿ ಓಗೊಟ್ಟರು.